ಮೂರು ಪಕ್ಕೆಲುಬು

ಶುರುವಾಗಿದ್ದು ದವಡೆ ನೋವಿನಿಂದ. ಎಡಗಡೆಯ ಕೆಳದವಡೆ. ಹಲ್ಲಿರಬೇಕು ಎಂದುಕೊಂಡು ಎರಡು ದಿನ ಲವಂಗ ಕಚ್ಚಿಕೊಂಡೇ ಅಂಗಡಿಯಲ್ಲಿ ಕೂತೆ. ಶಿರಾ ಗೇಟ್ ಹತ್ತಿರ ನಮ್ಮದು ಫೋಟೋಗೆ ಫ್ರೇಮ್ ಹಾಕುವ ಅಂಗಡಿ. ದೇವರ ಪಟ, ಮದುವೆ ಫೋಟೋ, ಎಲ್ಲಕ್ಕಿಂತ ಹೆಚ್ಚಾಗಿ ತೀರಿಕೊಂಡವರ ಫೋಟೋ. ಹನ್ನೊಂದನೇ ದಿನದ ಕಾರ್ಯಕ್ಕೆ ಬೇಕು, ನಾಳೆಯೇ ಕೊಡಿ ಎಂದು ಬರುವವರೇ ಜಾಸ್ತಿ. ನಮ್ಮ ಯಜಮಾನರು ಫ್ರೇಮಿನ ಪಟ್ಟಿ ಕೊಯ್ಯುತ್ತಾರೆ, ನಾನು ಗಾಜು ಕೊಯ್ಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಪಳಗಿದ ಕೈ. ಗೆರೆ ಎಳೆದಲ್ಲೇ ಗಾಜು ಮುರಿಯಬೇಕು. ಮೂರನೇ ದಿನ ಗೆರೆ ಸೊಟ್ಟಗೆ ಹೋಯಿತು. ಸಿಟ್ಟಿಗೆ ಇನ್ನೊಂದು ಗಾಜು ತೆಗೆದುಕೊಂಡೆ. ಅದೂ ಸೊಟ್ಟಗೆ ಹೋಯಿತು. ಯಜಮಾನರು ನನ್ನ ಮುಖ ನೋಡಿದರು, ಶಟರ್ ಎಳೆದು ಸ್ಕೂಟರ್ ಸ್ಟಾರ್ಟ್ ಮಾಡಿದರು.

ಆಸ್ಪತ್ರೆಯ ಮೆಟ್ಟಿಲು ನಾನೇ ಹತ್ತಿದೆ. ಇಸಿಜಿಗೆ ಮಲಗಿಸಿದರು. ಸಿಸ್ಟರ್ ಎದೆಗೆ ತಣ್ಣಗಿನ ಜೆಲ್ ಹಚ್ಚಿದ್ದು ನೆನಪಿದೆ. ಬಳೆ ತೆಗೆಯಬೇಕಾ ಎಂದು ನಾನು ಕೇಳಿದ್ದೂ ನೆನಪಿದೆ.

ಅವಳ ಉತ್ತರ ನೆನಪಿಲ್ಲ.

ಆರು ನಿಮಿಷ ನನ್ನ ಹೃದಯ ನಿಂತಿತ್ತಂತೆ. ಎರಡು ಸಲ ಶಾಕ್ ಕೊಟ್ಟರಂತೆ. ಡ್ಯೂಟಿ ಡಾಕ್ಟರ್, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದ ಹುಡುಗಿ, ನನ್ನ ಎದೆಯ ಮೇಲೆ ಎರಡೂ ಕೈ ಊರಿ ಸಿಪಿಆರ್ ಕೊಟ್ಟಳಂತೆ. ಎಲ್ಲವೂ 'ಅಂತೆ'. ನನ್ನ ಜೀವನದ ಅತಿ ದೊಡ್ಡ ಆರು ನಿಮಿಷ ನನಗೆ ಬೇರೆಯವರ ಬಾಯಿಂದ ಸಿಕ್ಕಿದ್ದು. ಆಮೇಲೆ ಸ್ಟೆಂಟ್ ಹಾಕಿದರು. ಮಾರನೆಯ ದಿನ ಐಸಿಯುನಲ್ಲಿ ಕಣ್ಣು ಬಿಟ್ಟಾಗ ಉಸಿರೆಳೆದರೆ ಸಾಕು, ಯಾರೋ ಪಕ್ಕೆಗೆ ತಿವಿದ ಹಾಗೆ ಆಗುತ್ತಿತ್ತು. ಆ ಹುಡುಗಿ ಡಾಕ್ಟರೇ ಬಂದು, "ಮೂರು ರಿಬ್ಸ್ ಮುರ್ದೋಗಿದೆ ಆಂಟಿ, ಸಾರಿ" ಎಂದಳು. ಎಲ್ಲವನ್ನೂ ಮುರಿದಿದ್ದರೂ ನಾನು ಕೇಳುತ್ತಿರಲಿಲ್ಲಮ್ಮ ಎಂದೆ. ನಗಲು ಹೋಗಿ ಕಣ್ಣಲ್ಲಿ ನೀರು ಬಂತು.

ವಾರ್ಡಿಗೆ ಬಂದ ಮೇಲೆ ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ. ಏನು ಕಂಡಿತು? ನಾದಿನಿಯ ಗಂಡ ಮೊಬೈಲ್‌ನಲ್ಲಿ ವಿಡಿಯೋ ತೋರಿಸಿದರು. ಸತ್ತು ಬದುಕಿದವರು ಬೆಳಕಿನ ಸುರಂಗದ ಬಗ್ಗೆ ಹೇಳುತ್ತಿದ್ದರು. ಆ ಕೊನೆಯಲ್ಲಿ ತಮ್ಮವರು ಕಾದು ನಿಂತಿದ್ದರು ಎನ್ನುತ್ತಿದ್ದರು. ನಾನು ಆ ವಿಡಿಯೋವನ್ನು ಅಸೂಯೆಯಿಂದ ನೋಡಿದೆ. ಪರೀಕ್ಷೆಯಲ್ಲಿ ಎಲ್ಲರಿಗೂ ಬಂದ ಪ್ರಶ್ನೆ ನನ್ನೊಬ್ಬಳ ಪತ್ರಿಕೆಯಲ್ಲಿ ಬಿಟ್ಟುಹೋದ ಹಾಗಿತ್ತು. ನನಗೆ ಏನೂ ಕಂಡಿರಲಿಲ್ಲ. ಕತ್ತಲೆ ಕೂಡ ಅಲ್ಲ. ಕತ್ತಲೆ ಎಂದರೆ ಅದನ್ನು ನೋಡುವವರೊಬ್ಬರು ಇರಬೇಕಲ್ಲ.

ಅಪ್ಪಾಜಿ ಬರಲಿಲ್ಲ.

ಅಪ್ಪಾಜಿ ತೀರಿಕೊಂಡು ಒಂಬತ್ತು ವರ್ಷ. ಕುಣಿಗಲ್ಲಿನಲ್ಲಿ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಕ್ಲಚ್ ತುಳಿದೂ ತುಳಿದೂ ಮಂಡಿ ಎರಡೂ ಹಾಳಾಗಿದ್ದವು. ನನಗೆ ಬುದ್ಧಿ ತಿಳಿದಾಗಿನಿಂದ ಅವರು ನೆಲದ ಮೇಲೆ ಕೂತಿದ್ದನ್ನು ನೋಡಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕೂತರೆ ಇವರು ಗೋಡೆ ಪಕ್ಕ ತಟ್ಟೆ ಹಿಡಿದು ನಿಂತೇ ಉಣ್ಣುತ್ತಿದ್ದರು, ಬಡಿಸುವವರನ್ನು ಗೋಳು ಹೊಯ್ದುಕೊಳ್ಳುತ್ತಾ. ಅವರು ಹೋದ ದಿನ ನಾನು ಗುಬ್ಬಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ. ಸುದ್ದಿ ತಿಳಿದು ಎರಡು ಬಸ್ಸು ಬದಲಾಯಿಸಿ ಕುಣಿಗಲ್ ಮುಟ್ಟುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ನಮ್ಮಲ್ಲಿ ಮಣ್ಣು ಮಾಡುವುದು ಕೂರಿಸಿ. ಚಕ್ಕಳಮಕ್ಕಳ ಹಾಕಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು, ಗೋಡೆಗೆ ಒರಗಿಸಿ ಕೂರಿಸಿದ್ದರು. ಒಂದು ಮಾತೂ ಆಡದೆ ಕಳಿಸಿಕೊಟ್ಟೆ. ಅವತ್ತಿನಿಂದ ಒಂದು ಆಸೆ ಒಳಗೇ ಇತ್ತು: ಎಂದಾದರೂ ಒಂದು ದಿನ, ಎಲ್ಲಾದರೂ, ಅವರು ನನಗೆ ಕಾಣುತ್ತಾರೆ. ಅಂಗಡಿಯಲ್ಲಿ ಯಾರದೋ ತಂದೆಯ ಫೋಟೋಗೆ ಗಾಜು ಕೂರಿಸುವಾಗಲೆಲ್ಲ ಆ ಆಸೆಗೆ ಒಂದಿಷ್ಟು ನೀರು ಹಾಕಿಕೊಂಡು ಬಂದಿದ್ದೆ. ಆರು ನಿಮಿಷ ಅವರ ಊರಿನ ಬಾಗಿಲ ತನಕ ಹೋಗಿ ಬಂದೆ. ಯಾರೂ ಇರಲಿಲ್ಲ.

ಅಮ್ಮ ಕುಣಿಗಲ್ಲಿನಿಂದ, ತಮ್ಮನ ಮನೆಯಿಂದ ಬಂದು ನನ್ನ ಮಂಚದ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಎರಡು ದಿನ ಏನೂ ಕೇಳಲಿಲ್ಲ. ಮೂರನೆಯ ದಿನ ಗಂಜಿ ಕುಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು: "ನಿಮ್ಮಪ್ಪಾಜಿ ಕಂಡ್ರೇನೇ?"

ಅವಳ ಚಮಚ ಅಲ್ಲೇ ನಿಂತಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಹೂಂ ಅಂದೆ. ನಿಂತಿದ್ದರು, ಖಾಕಿ ಶರ್ಟ್ ಹಾಕಿಕೊಂಡು, ನಗುತ್ತಿದ್ದರು ಅಂದೆ.

ಹಾಗೆ ಹೇಳುವಾಗ ಅದು ಪೂರ್ತಿ ಸುಳ್ಳು ಅಂತಲೂ ಅನ್ನಿಸಲಿಲ್ಲ. ನಾನು ನೋಡಬೇಕೆಂದಿದ್ದು ಅದನ್ನೇ. ಬಟ್ಟೆಯ ಬಗ್ಗೆ, ನಗುವಿನ ಬಗ್ಗೆ ಅಮ್ಮ ಕೇಳಲಿಲ್ಲ. ನಿಂತಿದ್ದರಾ ಎಂದಷ್ಟೇ ಕೇಳಿದಳು. ಕಾಲು ನೆಟ್ಟಗಿತ್ತಾ ಎಂದು ಮತ್ತೆ ಕೇಳಿದಳು. ನೆಟ್ಟಗಿತ್ತು ಅಂದೆ. ಅವಳ ಮುಖ ಅರಳಿದ ರೀತಿ ನೋಡಿ ನನಗೆ ಸಂತೋಷವೂ ಆಯಿತು, ಭಯವೂ ಆಯಿತು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ನನ್ನ ದಿನಚರಿ ಮಾತ್ರೆಗಳ ಸುತ್ತ ತಿರುಗತೊಡಗಿತು. ಹತ್ತು ಹೆಜ್ಜೆ ನಡೆದರೆ ಸುಸ್ತು. ಕೆಮ್ಮಿದರೆ ದಿಂಬನ್ನು ಎದೆಗೆ ಒತ್ತಿಕೊಳ್ಳಬೇಕು. ಮೂವತ್ತು ವರ್ಷದ ಮೇಲೆ ಅಮ್ಮ ನನಗೆ ತಲೆ ಬಾಚಿದಳು. ಬಾಚುತ್ತಾ ಬಾಚುತ್ತಾ ಅದೇ ಪ್ರಶ್ನೆ: ಹೇಗೆ ನಿಂತಿದ್ದರು, ಕೋಲು ಹಿಡಿದಿದ್ದರಾ, ಒಂದು ಕಾಲಿನ ಮೇಲೆ ಭಾರ ಹಾಕಿದ್ದರಾ? ನಾನು ಒಂದೊಂದು ಸಲಕ್ಕೆ ಒಂದಿಷ್ಟು ಸೇರಿಸುತ್ತಾ ಹೋದೆ. ಕೊನೆಗೆ ಅಪ್ಪಾಜಿ ಇಲ್ಲಿಗಿಂತ ಅಲ್ಲೇ ಚುರುಕಾಗಿ ಓಡಾಡಿಕೊಂಡಿದ್ದರು. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳಿಗೆ ಸಿಕ್ಕ ಅಪ್ಪಾಜಿ ನನಗೆ ಸಿಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು. ನಾನೇ ಕಟ್ಟಿದ ಸುಳ್ಳಿನ ಮೇಲೆ ನನಗೇ ಹೊಟ್ಟೆಕಿಚ್ಚು.

ಅದೇ ದಿನಗಳಲ್ಲಿ ಗುಬ್ಬಿಯಿಂದ ಒಬ್ಬರು ಮನೆಗೇ ಬಂದರು, ತೆಂಗಿನಕಾಯಿ ವ್ಯಾಪಾರದವರು. ತೀರಿಕೊಂಡ ಅವರ ಹೆಂಡತಿಯ ಫೋಟೋಗೆ ನಾವೇ ಫ್ರೇಮ್ ಹಾಕಿಕೊಡಬೇಕಿತ್ತು, ನನ್ನ ಕಾಯಿಲೆಯಿಂದ ತಡವಾಗಿತ್ತು. ನಾನು ಸತ್ತು ಬದುಕಿದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಫೋಟೋ ಕೇಳಲು ಬಂದವರು ಅದನ್ನು ಬಿಟ್ಟು, ನಮ್ಮವಳೇನಾದರೂ ಅಲ್ಲಿ ಕಣ್ಣಿಗೆ ಬಿದ್ದಳಾ ಎಂದು ಕೇಳಿದರು. ಅಮ್ಮನಿಗೆ ಹೇಳಿದ ಸುಳ್ಳು ಅವರಿಗೆ ಹೇಳಲಾಗಲಿಲ್ಲ. ತಲೆ ತಗ್ಗಿಸಿದೆ. ಅವರು ಫೋಟೋದ ಮಾತೆತ್ತದೆ ಚಪ್ಪಲಿ ಹಾಕಿಕೊಂಡು ಹೋದರು.

ಮೂರು ತಿಂಗಳ ಮೇಲೆ ಡಾಕ್ಟರ್ ಬಸ್ಸಿನಲ್ಲಿ ಹೋಗಬಹುದು ಎಂದರು. ಅಮ್ಮ ಯಡಿಯೂರಿಗೆ ಹರಕೆ ಹೊತ್ತಿದ್ದಳು. ಮಗಳು ಉಳಿದಿದ್ದಕ್ಕೆ ಒಂದು, ಗಂಡನನ್ನು ತೋರಿಸಿದ್ದಕ್ಕೆ ಇನ್ನೊಂದು. ಅವಳ ಲೆಕ್ಕದಲ್ಲಿ ಎರಡೂ ಸಿದ್ಧಲಿಂಗೇಶ್ವರನದೇ ಕೆಲಸ. ದರ್ಶನ ಮುಗಿಸಿ ಮಧ್ಯಾಹ್ನ ದಾಸೋಹಕ್ಕೆ ಹೋದೆವು. ಅಮ್ಮ ನೆಲದ ಮೇಲೆ ಪಂಕ್ತಿಯಲ್ಲಿ ಕೂತಳು. ಬಗ್ಗಿ ಉಣ್ಣಲು ಪಕ್ಕೆ ಬಿಡದೆ ನಾನು ಗೋಡೆ ಪಕ್ಕದ ಕಟ್ಟೆಯ ಮೇಲೆ ಕೂತೆ. ಅಪ್ಪಾಜಿ ಬಂದಾಗಲೂ ಆ ಜಾಗದಲ್ಲೇ ನಿಂತು ಉಣ್ಣುತ್ತಿದ್ದುದು. ಅಮ್ಮ ಪಂಕ್ತಿ ಬಿಟ್ಟೆದ್ದು, ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತಳು. ಕೂತು, ಒಂಬತ್ತು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದಳು.

ಅವತ್ತು ಬೆಳಿಗ್ಗೆ ಕಾಫಿಗೆ ಎಬ್ಬಿಸಲು ಹೋದಾಗಲೇ ಅಪ್ಪಾಜಿಯ ಮೈ ಸೆಟೆದಿತ್ತಂತೆ. ಕೂರಿಸಲು ಬಂದವರಿಗೆ ಮಂಡಿ ಮಡಚಲಾಗಲಿಲ್ಲ. ಮಲಗಿಸಿಯೇ ಕಳಿಸೋಣವಾ ಎಂದು ಅಮ್ಮನ ಮುಖ ನೋಡಿದರು.

"ನಾನೇ ಕಣೇ ಕೂರ್ಸಿ ಅಂದಿದ್ದು. ನಮ್ಮಲ್ಲಿ ಮಲಗ್ಸಿ ಕಳಿಸಲ್ಲ ಅಂದ್ಬುಟ್ಟೆ. ಬಿಸಿನೀರು ಹುಯ್ದು ಒತ್ತಿದ್ರು. ಟಕ್ ಅಂತು. ಎರಡು ಸಲ."

ಅನ್ನ ಕಲೆಸುತ್ತಿದ್ದ ಅವಳ ಕೈ ನಿಂತಿತ್ತು.

"ಬದುಕಿದ್ದಾಗ ಒಂದಿನ ಕೂರು ಅಂದೋಳಲ್ಲ ನಾನು. ನೀನು ಕಂಡಾಗ ನಿಂತಿದ್ರಲ್ಲ, ಅಷ್ಟೇ ಸಾಕು ಅನ್ಕಂಡೆ. ಆದ್ರೂ... ಅವಾಗ ನೋವಾಯ್ತು ಅಂತ ಏನಾರ ಅಂದ್ರಾ?"

ಇಲ್ಲಮ್ಮ, ಚೂರೂ ನೋವಾಗಲಿಲ್ಲ ಅಂದರು ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಅಷ್ಟು ಸುಳ್ಳು ಹೇಳಿದವಳಿಗೆ ಇದೊಂದು ಏನು ಭಾರ. ಆದರೆ ಅವಳು ಈ ಸಲ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದ ಪ್ರಶ್ನೆಗೆ ನನ್ನ ಕಟ್ಟುಕಥೆಯಿಂದ ಉತ್ತರ ಕೊಟ್ಟರೆ, ಎಂದೋ ಒಂದು ದಿನ ಅದು ಕುಸಿದಾಗ ಅವಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ ಅನ್ನಿಸಿತು.

"ಅಮ್ಮ, ನನಗೆ ಅಪ್ಪಾಜಿ ಕಾಣಲಿಲ್ಲ. ಸುಳ್ಳು ಹೇಳ್ದೆ."

ಅವಳು ಬಯ್ಯಲಿಲ್ಲ. ಅಳಲೂ ಇಲ್ಲ. ಬಡಿಸುವವರು ಮಜ್ಜಿಗೆ ತಂದರು, ಬೇಡ ಎಂದು ಕೈ ಅಡ್ಡ ಹಿಡಿದಳು. ನಾನು ಅವಳ ಇನ್ನೊಂದು ಕೈ ತೆಗೆದುಕೊಂಡು ನನ್ನ ಎಡಪಕ್ಕೆಯ ಮೇಲೆ ಇಟ್ಟುಕೊಂಡೆ. ಮೂಳೆ ಕೂಡಿಕೊಂಡ ಜಾಗ ಇನ್ನೂ ಗಂಟುಗಂಟಾಗಿತ್ತು.

"ಇವು ಮುರಿದಾಗ್ಲೂ ಟಕ್ ಅಂದಿರುತ್ತೆ. ಮೂರು ಸಲ. ನನಗೆ ಗೊತ್ತೇ ಆಗ್ಲಿಲ್ಲ ಅಮ್ಮ."

"ಚೂರೂ?"

"ಚೂರೂ ಇಲ್ಲ. ನೋವು ಶುರುವಾಗಿದ್ದು ವಾಪಸ್ ಬಂದ್ಮೇಲೆ."

ಅಮ್ಮ ಬೆರಳಿನಿಂದ ಒಂದೊಂದೇ ಗಂಟು ಮುಟ್ಟಿ ನೋಡಿದಳು. ಒಂದು, ಎರಡು, ಮೂರು. ಮತ್ತೆ ಮೊದಲಿನಿಂದ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅಂಗಾದ್ರೆ ಅವರಿಗೆ ಗೊತ್ತಾಗಿಲ್ಲ ಬುಡು ಎಂದಳು. ಮಜ್ಜಿಗೆಯವರನ್ನು ವಾಪಸ್ ಕರೆದಳು.

ಈಗ ಅರ್ಧ ದಿನ ಅಂಗಡಿಗೆ ಹೋಗುತ್ತೇನೆ. ಗೆರೆ ಮತ್ತೆ ನೆಟ್ಟಗೆ ಬರುತ್ತಿದೆ. ಅಮ್ಮ ಕುಣಿಗಲ್ಲಿಗೆ ಹಿಂತಿರುಗಿಲ್ಲ. ನನ್ನ ಮಾತ್ರೆ ನೆಪ ಮಾಡಿಕೊಂಡು ಅಂಗಡಿಯ ಒಳಗೆ ಕೂತು ಗಾಜು ಒರೆಸುತ್ತಾಳೆ. ಹೋದ ವಾರ ಗುಬ್ಬಿಯವರು ಹೆಂಡತಿಯ ಫೋಟೋ ತೆಗೆದುಕೊಂಡು ಹೋಗಲು ಬಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅವರನ್ನು ಕೂರಿಸಿಕೊಂಡು ಹೇಳಿದಳು.

"ನನ್ ಮಗಳಿಗೆ ಏನೂ ಕಾಣಲಿಲ್ಲ ಕಣಪ್ಪ. ಮೂರು ಪಕ್ಕೆಲುಬು ಮುರ್ದ್ರೂ ಗೊತ್ತಾಗ್ಲಿಲ್ಲ."

ಅವರು ಹೆಂಡತಿಯ ಫೋಟೋ ನೋಡಿದರು. ನಮ್ಮವಳಿಗೂ ಹಾಗೇ ಎದೆ ಒತ್ತಿದ್ದರು ಎಂದರು. ಬಹಳ ಹೊತ್ತು ಒತ್ತಿದ್ದರು, ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ ಎಂದರು. ಅಮ್ಮ ಆ ಫೋಟೋದ ಗಾಜನ್ನು ಇನ್ನೊಂದು ಸಲ ಒರೆಸಿ, ಪೇಪರ್ ಸುತ್ತಿ ಅವರ ಕೈಗೆ ಕೊಟ್ಟಳು. ಅವರು ಅದನ್ನು ಎದೆಗೆ ಒತ್ತಿಕೊಂಡು ಹೋದರು.

ನನಗೆ ಸಿಕ್ಕಿದ್ದು ಬೆಳಕಲ್ಲ. ಖಾಲಿ ಆರು ನಿಮಿಷ. ಅದರಿಂದ ಇಬ್ಬರಿಗೆ ನಿದ್ದೆ ಬಂದಿದ್ದರೆ ಸಾಕು, ದೇವರಿಗೆ ಋಣಿ. ನನ್ನ ಆಸೆ ಮಾತ್ರ ಹಾಗೇ ಇದೆ. ಅಪ್ಪಾಜಿ ಒಮ್ಮೆ ಕಾಣಬೇಕಿತ್ತು, ಖಾಕಿ ಶರ್ಟ್ ಹಾಕಿಕೊಂಡು, ನಿಂತು. ಮುಂದಿನ ಸಲ ಹೋದಾಗ ಕಾಣಬಹುದು. ಅಲ್ಲಿಯತನಕ ಮಾತ್ರೆ ತಪ್ಪಿಸುವ ಹಾಗಿಲ್ಲ, ಅಮ್ಮ ಲೋಟದಲ್ಲಿ ನೀರು ಹಿಡಿದು ನಿಂತಿರುತ್ತಾಳೆ.