ಹನ್ನೆರಡು ಬಕೆಟ್ ಅಂಟು

ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಅಂಟು ಕಾಯಿಸುವವರನ್ನು ಎಲ್ಲರೂ ಅಂಟಣ್ಣ ಎಂದೇ ಕರೆಯುತ್ತಿದ್ದೆವು. ಮೂವತ್ತೊಂದು ವರ್ಷ, ಒಂದೇ ಒಲೆ. ಹಿಟ್ಟಿನ ಅಂಟು ಉಳಿದರೆ ಹುಳಿಯಾಗುತ್ತದೆ. ಆಯಾ ದಿನದ ಪೆಟ್ಟಿಗೆಗಳಿಗೆ ಬೇಕಾದಷ್ಟನ್ನೇ ಬೆಳಿಗ್ಗೆ ಕಾಯಿಸಬೇಕು. ಒಂದು ಸೌಟು ಮಿಕ್ಕರೂ ಅವರಿಗೆ ಊಟ ಸೇರುತ್ತಿರಲಿಲ್ಲ.

ದೇಶದ ಗತಿ ತಿಳಿಯಲು ನಮಗೆ ಪತ್ರಿಕೆ ಬೇಕಿರಲಿಲ್ಲ, ಅವರ ಬಕೆಟ್ ಎಣಿಸಿದರೆ ಸಾಕು. ಹನ್ನೆರಡಿದ್ದರೆ ಸುಗ್ಗಿ, ಮೂರಾದರೆ ಗಂಟುಮೂಟೆ. ನಮ್ಮ ಪೆಟ್ಟಿಗೆಗಳಲ್ಲಿ ಅಂಗಿಗಳು ಹಡಗು ಹತ್ತುತ್ತಿದ್ದವು.

"ಆ ಕಡೆ ದೇಶದಲ್ಲಿ ಬಡ್ಡಿ ಏರ್ತು ಅಂದ್ರೆ ಅವರು ಹಳೇ ಅಂಗಿಗೇ ಗುಂಡಿ ಹಾಕ್ಕೋತಾರೆ. ಇಲ್ಲಿ ನನ್ನ ಒಲೆ ಆರುತ್ತೆ," ಎನ್ನುತ್ತಿದ್ದರು. ಹಾಗೆ ಮೂರು ಸಲ ಕಂಡಿದ್ದರು. ಎರಡನೆಯ ಸಲ ಒಂದೂವರೆ ವರ್ಷ ಮನೆಯಲ್ಲಿ ಕೂತರು. ಮಗಳು ಶಾಲೆ ಬಿಟ್ಟದ್ದು ಆಗಲೇ.

ನಾನು ಪೆಟ್ಟಿಗೆಗಳ ಮೇಲೆ 'ಈ ಬದಿ ಮೇಲಕ್ಕೆ' ಎಂದು ಠಸ್ಸೆ ಒತ್ತುವವನು. ನನ್ನ ತಲೆಯ ಮೇಲೂ ಯಾರಾದರೂ ಒತ್ತಿದ್ದರೆ ಚೆನ್ನಾಗಿತ್ತು. ಔಷಧಿ ಗೋದಾಮಿನವರು ಕೆಲಸಕ್ಕೆ ಕರೆದಿದ್ದರು, ಶನಿವಾರದೊಳಗೆ ಉತ್ತರ ಹೇಳಬೇಕಿತ್ತು. ಮೆಲ್ಲಗೆ ಒಲೆಯ ಬಳಿ ಹೋದೆ.

"ಅಂಟಣ್ಣ, ಹೋಗ್ಲಾ, ಇರ್ಲಾ?"

ಅವರು ತಲೆ ಎತ್ತಲಿಲ್ಲ. "ಕಣ್ಣಿಲ್ವೇನೋ ನಿಂಗೆ? ಬಕೆಟ್ ಅಲ್ಲೇ ಇದಾವಲ್ಲ."

ಎಣಿಸಿದೆ. ಹನ್ನೆರಡು. ಜಾಣನಲ್ಲವೇ, ಎರಡು ಸಲ ಎಣಿಸಿದೆ. ಗೋದಾಮಿಗೆ ಹೋಗಿ ಆಗುವುದಿಲ್ಲವೆಂದು ಹೇಳಿ ಬಂದೆ. ಇಲ್ಲೇ ಬಡ್ತಿ ಸಿಗುತ್ತದೆಂದು ಅಮ್ಮನ ಮುಂದೆ ಕೊಚ್ಚಿಕೊಂಡದ್ದೂ ಆಯಿತು.

ಸೋಮವಾರ ಗೇಟಿನಲ್ಲಿ ಪಟ್ಟಿ ಅಂಟಿಸಿದ್ದರು. ಕೆಲಸದಿಂದ ತೆಗೆದದ್ದು ನಲವತ್ತು ಮಂದಿಯನ್ನು, ನನ್ನ ಹೆಸರು ಹದಿನೇಳನೆಯದು. ಗೋದಾಮಿಗೆ ಓಡಿದೆ. ನನ್ನ ಜಾಗದಲ್ಲಿ ಆಗಲೇ ಯಾರೋ ಕೂತಿದ್ದ.

ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ವಾಪಸು ಬಂದಾಗ ಕಾರ್ಖಾನೆಯ ಹಿತ್ತಲಿನಿಂದ ಹುಳಿ ನಾತ ಹೊಡೆಯುತ್ತಿತ್ತು. ಚರಂಡಿಯ ತುಂಬ ಬೆಳ್ಳಗೆ ಕೆನೆಗಟ್ಟಿದ ಅಂಟು. ಅಂಟಣ್ಣ ಪೊರಕೆ ಹಿಡಿದು ಅದನ್ನು ತಳ್ಳುತ್ತಿದ್ದರು.

"ಹೋದ ವಾರ ದಿನಕ್ಕೆ ಬೇಕಾಗಿದ್ದದ್ದು ಐದೇ ಬಕೆಟ್," ಎಂದರು, ನಾನು ಕೇಳುವ ಮೊದಲೇ. "ಕೊನೇ ಆರ್ಡರ್ ಮುಗಿಯೋ ತನಕ ಯಾರೂ ಜಾಗ ಖಾಲಿ ಮಾಡಬಾರದು, ಹನ್ನೆರಡೇ ಕಾಯಿಸು ಅಂದ್ರು ಧಣಿ."

"ಗೊತ್ತಿದ್ದೂ ನನಗೆ ಹೇಳಲಿಲ್ವಲ್ಲ ಅಣ್ಣ?"

"ಇರು ಅಂತ ನಾನು ಅಂದ್ನಾ? ನೀನೇ ಎಣಿಸ್ದೆ." ಪೊರಕೆ ನಿಂತಿತು. "ಮೊಮ್ಮಗಳು ಈ ವರ್ಷ ಶಾಲೆಗೆ ಸೇರಿದಾಳೆ ಕಣೋ."

ಅವತ್ತು ಅವರು ಮೂರೇ ಬಕೆಟ್ ಕಾಯಿಸಿದರು. ಒಂದು ಸೌಟೂ ಮಿಗಲಿಲ್ಲವಂತೆ.