ನೀಲಿ ಬಣ್ಣದ ಚಿತ್ರದ ಹಿಂದೆ ಚೆಲ್ಲಿದ ನೀರು

ನಮ್ಮಕ್ಕ ಮೆಬ್ರೂರೆ ಕೂತಲ್ಲಿ ಕೂರುವವಳಲ್ಲ. ನಮ್ಮೂರು ಉಸ್ಕುದಾರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಆಗ ನಮ್ಮಲ್ಲಿ ಚಿತ್ರ ಅಂದರೆ ಮಸೀದಿ, ದೋಣಿ, ಇಲ್ಲವೇ ತಟ್ಟೆಯಲ್ಲಿ ದಾಳಿಂಬೆ. ಇವಳು ಬರೆದದ್ದು ಬರೀ ಬಣ್ಣ, ಗೆರೆ. ಮಕ್ಕಳಿಗೂ ಅದನ್ನೇ ಕಲಿಸಿದಳು, ಪುಣ್ಯಾತ್ಗಿತ್ತಿ.

"ಇದೇನೇ, ತಲೆಬುಡ ಇಲ್ಲ," ಅನ್ನುತ್ತಿದ್ದಳು ಅಮ್ಮ.

ರಾಜಧಾನಿ ಅಂಕಾರಾದ ಪ್ರದರ್ಶನಕ್ಕೆ ಕಳಿಸಿದ ನೀಲಿ ಬಣ್ಣದ ದೊಡ್ಡ ಚಿತ್ರ ಎರಡು ವರ್ಷವೂ ಆಯ್ಕೆಯಾಗದೆ ವಾಪಸ್ ಬಂತು. ಮೂರನೇ ಸಲ ಹೆಡ್‌ಮಿಸ್ಟ್ರೆಸ್ಸು ಕಡ್ಡಿ ಮುರಿದಂತೆ ಹೇಳಿದರು: "ಈ ಸಲವೂ ಬಂದ್ರೆ, ಮಕ್ಕಳಿಗೆ ಹೂದಾನಿ ಬರೆಸಿ. ಆಗಲ್ಲ ಅಂದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

ಹಮಾಲಿ ಚಿತ್ರ ಹೊತ್ತು ಇಳಿಜಾರು ಇಳಿಯುತ್ತಿದ್ದ. ಅಮ್ಮ ತಂಬಿಗೆ ತಂದು ಅವನ ಹಿಂದೆ ನೀರು ಚೆಲ್ಲಿದಳು. ಊರಿಗೆ ಹೊರಟವರ ಹಿಂದೆ ನಾವೆಲ್ಲ ಚೆಲ್ಲುತ್ತೇವೆ, ನೀರಿನ ಹಾಗೆ ಹೋಗಿ ನೀರಿನ ಹಾಗೆ ತಿರುಗಿ ಬರಲಿ ಅಂತ.

ಅಕ್ಕ ಹೌಹಾರಿದಳು. "ಬರಬಾರದು ಅಂತ ನಾನು ಒದ್ದಾಡ್ತಿದ್ರೆ ನೀರು ಹಾಕ್ತೀಯಲ್ಲಮ್ಮ!"

"ಹೋದ ಎರಡು ಸಲವೂ ಹಾಕಿದ್ದೆ," ಅಂದಳು ಅಮ್ಮ, ಏನೂ ಆಗದವಳಂತೆ.

ಆಮೇಲೆ ಅಕ್ಕನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಬಾಗಿಲು ಸದ್ದಾದರೆ ಓಡುತ್ತಿದ್ದಳು. ಅವಳ ತಳಮಳ ನೋಡಿ ನನಗೂ ತಲೆ ಕೆಟ್ಟಿತ್ತು. ಕಡೆಗೊಂದು ಬೆಳಿಗ್ಗೆ ಅದೇ ಹಮಾಲಿ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದ. ಬೆನ್ನ ಮೇಲೆ ಅದೇ ನೀಲಿ ಬಣ್ಣದ ಚಿತ್ರ.

ಅಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಮ್ಮ ಚಿತ್ರವನ್ನು ಒಳಗೊಯ್ದು ಹಳೇ ಮೊಳೆಗೆ ತೂಗುಹಾಕಿದಳು.

"ಯಾಕಮ್ಮ ನನ್ನ ಹೊಟ್ಟೆ ಉರಿಸ್ತೀಯ?"

"ಅದಿಲ್ದೆ ಗೋಡೆ ಬಿಕೋ ಅನ್ನತ್ತೆ ಕಣೇ. ಬೆಳಿಗ್ಗೆ ಎದ್ದು ಅದನ್ನ ನೋಡಿದ್ರೇನೇ ನಂಗೆ ಸಮಾಧಾನ."

ಅಕ್ಕ ಎದ್ದು ಒಳಗೆ ಬಂದು ಆ ಗೋಡೆ ನೋಡಿದಳು. ಆಮೇಲೆ ಕೋಟು ಹಾಕಿಕೊಂಡಳು. "ಹೂದಾನಿ ಬರೆಸಲ್ಲ ಅಂತ ಹೇಳಿ ಬರ್ತೀನಿ. ನೀರು ಹಾಕಮ್ಮ, ಮನೆಗೆ ತಾನೇ ಬರೋದು."

ಅಮ್ಮ ತಂಬಿಗೆ ತುಂಬ ಚೆಲ್ಲಿದಳು.

ಸಂಜೆ ಅಕ್ಕ ಬಂದಳು, ಕೆಲಸ ಕಳಕೊಂಡು. ಹಿಂದೆಯೇ ಬಣ್ಣದ ಡಬ್ಬಿ ಹಿಡಿದ ಹುಡುಗಿಯರು ಬಂದರು, ಕಲಿತರೆ ಇವಳ ಹತ್ತಿರವೇ ಅಂತ. ಅಮ್ಮ ಅವರನ್ನೆಲ್ಲ ಆ ನೀಲಿ ಬಣ್ಣದ ಚಿತ್ರದ ಎದುರಿಗೆ ಕೂರಿಸಿ, ಟೀ ಕೊಟ್ಟು ಹೇಳಿದಳು: "ತಲೆಬುಡ ಹುಡುಕಬೇಡಿ. ಸುಮ್ನೆ ನೋಡಿ."