ಐದನೆಯ ಸ್ಟಾರ್ ಕೊಡದ ನನ್ನ ಮೈದುನ

ನನ್ನ ಮೈದುನ ಭರತೇಶ ಯಾವುದಕ್ಕೂ ಐದು ಸ್ಟಾರ್ ಕೊಡುತ್ತಿರಲಿಲ್ಲ. ಫೋನಿನ ಆಟಕ್ಕೂ ಇಲ್ಲ, ನನ್ನ ಅಡುಗೆಗೂ ಇಲ್ಲ. ಊಟಕ್ಕೆ ಕೂತು ಮೊದಲ ತುತ್ತು ನುಂಗಿ, ಕಣ್ಣು ಸಣ್ಣ ಮಾಡಿ ಜಂತಿ ನೋಡುತ್ತಿದ್ದ. ನಾನು ಸೌಟು ಹಿಡಿದು ಕಾಯುತ್ತಿದ್ದೆ. "ನಾಕ್ ಸ್ಟಾರ್, ವೈನಿ" ಅನ್ನುತ್ತಿದ್ದ. ಹಬ್ಬದ ಹೋಳಿಗೆಗೂ ನಾಲ್ಕೇ.

"ಐದನೇದ್ದ ಯಾರಿಗಿ ಇಟ್ಟೀಯೋ, ಬರೂ ಹೆಂಡ್ತಿಗೇನ?" ಎಂದು ಕಾಡಿದರೆ, "ಕಾಟಾದಾಗ ಕುಂಡ್ರಾಂವ ರೀ ನಾ. ಇದ್ದಷ್ಟ ಹೇಳಬೇಕು" ಎನ್ನುತ್ತಿದ್ದ.

ಕಬ್ಬಿನ ಗಾಡಿಗಳನ್ನು ತೂಗುವ ಜಾಗಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಬೇಡಕಿಹಾಳದ ನಮ್ಮ ಮನೆಯಿಂದ ಸೈಕಲ್ ಮೇಲೆ ಕಾರ್ಖಾನೆಗೆ ಹೋಗಿ ಅವನು ಅಲ್ಲಿ ತೂಕ ಬರೆದುಕೊಳ್ಳುತ್ತಿದ್ದ. ಸಣಕಲು ಆಳು, ದೊಡ್ಡ ಕಿವಿ. ಬಲಗೈ ಹೆಬ್ಬೆರಳಿನ ಉಗುರನ್ನು ಮಾತ್ರ ಮಾಂಸಕ್ಕೆ ಹತ್ತುವಂತೆ ಕತ್ತರಿಸಿರುತ್ತಿದ್ದ, ಫೋನಿನ ಗಾಜಿಗೆ ಗೀರು ಬೀಳಬಾರದೆಂದು. ದೊಡ್ಡ ಗಾಜಿನ ಫೋನುಗಳು ಊರಿಗೆ ಬರತೊಡಗಿದ ವರ್ಷಗಳವು. ಒಂದು ಟ್ರ್ಯಾಕ್ಟರ್ ಇಳಿದು ಇನ್ನೊಂದು ಹತ್ತುವ ನಡುವೆ ಅವನು ಎಲೆಗಳ ಆಟ ಆಡುತ್ತಿದ್ದ.

ಇಸ್ಪೀಟಿನ ಎಲೆಗಳಲ್ಲ ಅವು. ಒಂದೊಂದು ಎಲೆಯ ಮೇಲೂ ಒಂದು ಚಿತ್ರ: ಕತ್ತಿ, ಢಾಲು, ಬೆಂಕಿ, ಮದ್ದಿನ ಕುಡಿಕೆ. ಆಡುವವನು ಹತ್ತು ಎಲೆ ಹಿಡಿದು ಒಂದು ಹಾಳು ಕೋಟೆಯೊಳಗೆ ಹೋಗಬೇಕು. ಪ್ರತಿ ಖೋಲಿಯಲ್ಲೂ ಒಬ್ಬ ರಾಕ್ಷಸ. ಒಬ್ಬನನ್ನು ಗೆದ್ದರೆ ಮೂರು ಹೊಸ ಎಲೆ ಮುಂದೆ ಬರುತ್ತವೆ. ಅದರಲ್ಲಿ ಒಂದನ್ನು ತೆಗೆದುಕೊಂಡು ನಮ್ಮ ಕಟ್ಟಿಗೆ ಸೇರಿಸಿಕೊಳ್ಳಬಹುದು, ಬೇಡವೆಂದರೆ ಮೂರನ್ನೂ ಬಿಟ್ಟು ಮುಂದೆ ಹೋಗಬಹುದು. ಸೋತರೆ ಎಲ್ಲ ಹೋಯಿತು, ಮತ್ತೆ ಹತ್ತು ಎಲೆಯಿಂದ ಶುರು.

ನಮ್ಮ ಅತ್ತೆಗೆ ಇದು ಗೊತ್ತಾದ ದಿನ ಮನೆಯಲ್ಲಿ ದೊಡ್ಡ ವಾದವಾಯಿತು. ನಾವು ಜೈನರು. ಏಳು ವ್ಯಸನಗಳಲ್ಲಿ ಜೂಜೇ ಮೊದಲನೆಯದು.

"ನಮ್ಮ ಮನ್ಯಾಗ ಇಲ್ಲೀತನಕ ಇಸ್ಪೀಟ ಎಲಿ ಬಂದಿಲ್ಲ" ಎಂದರು ಅತ್ತೆ.

"ಅವ್ವಾ, ಇದರಾಗ ರೊಕ್ಕ ಹಚ್ಚೂದಿಲ್ಲ. ರಾಕ್ಷಸ ಅದಾನ, ನಾ ಅದೀನಿ, ಅಷ್ಟ."

"ರಾಕ್ಷಸಗ ಜೀವ ಇಲ್ಲೇನ? ಮನಸಿನ್ಯಾಗ ಕೊಂದ್ರೂ ಕೊಂದಂಗ."

ಮೂರನೆಯ ದಿನ ಭರತೇಶ ಅತ್ತೆಯ ಮುಂದೆ ಫೋನು ಹಿಡಿದು ಕೂತ. ಕತ್ತಿಯ ಎಲೆಗಳನ್ನೆಲ್ಲ ತೆಗೆದುಹಾಕಿದ್ದ. ಬರೀ ಢಾಲು ಮತ್ತು ಮುಳ್ಳುಬೇಲಿ.

"ನೋಡವ್ವಾ, ನಾ ಹೊಡ್ಯೂದಿಲ್ಲ. ಅಂವನ ಬಂದು ಬೇಲಿಗಿ ಬಡಕೊಂಡು ಸಾಯ್ತಾನ."

"ಬೇಲಿ ಹಚ್ಚಿದಾಂವ ಯಾಂವ?" ಎಂದು ಕೇಳಿ ಅತ್ತೆ ಬಸದಿಗೆ ಎದ್ದು ಹೋದರು.

ಅವನು ಬಹಳ ಹೊತ್ತು ನಕ್ಕ. ಆದರೆ ಆ ಮಾತನ್ನು ಬಿಡಲಿಲ್ಲ. ಇಂಥ ಆಟ ಆಡುವವರೆಲ್ಲ ಸೇರಿ ಅಭಿಪ್ರಾಯ ಬರೆಯುವ ಒಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ಹೊಸ ಆಟ ಬಂದಾಗೆಲ್ಲ ಇವನು ಅಚ್ಚ ಕನ್ನಡದಲ್ಲಿ, ಶಾಲೆಯ ನಿಬಂಧದಂತೆ ಬರೆಯುತ್ತಿದ್ದ. ಕಾಗುಣಿತ ಸರಿಯಿದೆಯೋ ಎಂದು ನನಗೆ ಓದಿ ತೋರಿಸುತ್ತಿದ್ದ. ಅಂದು ಬರೆದದ್ದು ನನಗೆ ಇಂದಿಗೂ ಬಾಯಿಪಾಠ: "ಆಟ ಚೆನ್ನಾಗಿದೆ. ಸೋಲಿಸಿದಾಗ ಮೋಸ ಮಾಡಿ ಸೋಲಿಸುವುದಿಲ್ಲ, ನಮ್ಮ ತಪ್ಪಿನಿಂದಲೇ ಸೋಲುತ್ತೇವೆ. ಆದರೆ ಕೊಲ್ಲದೆ ಮುಂದಿನ ಖೋಲಿಗೆ ಹೋಗುವ ದಾರಿ ಒಂದಾದರೂ ಇರಬೇಕಿತ್ತು ಎಂದು ನಮ್ಮ ತಾಯಿಯವರ ಅಭಿಪ್ರಾಯ. ನಾಲ್ಕು ಸ್ಟಾರ್."

ಅದಕ್ಕೆ ಉತ್ತರ ಬರೆದವನು ರಾಯಬಾಗದ ಒಬ್ಬ ದರ್ಜಿ. "ನಿಮ್ಮ ತಾಯಿ ಬರೋಬರಿ ಹೇಳ್ಯಾರ್ರಿ" ಎಂದು ಶುರುವಾದ ಪರಿಚಯ ಮುಂದೆ ವಾದವಾಗಿ ವರ್ಷಗಟ್ಟಲೆ ನಡೆಯಿತು. ಎಲೆ ಹೆಚ್ಚಿದ್ದರೆ ಯಾವ ರಾಕ್ಷಸ ಬಂದರೂ ಒಂದು ಉಪಾಯ ಇರುತ್ತದೆ ಎಂದು ದರ್ಜಿ. ಎಲೆ ಕಡಿಮೆ ಇದ್ದರೇ ಗೆಲುವು ಎಂದು ಇವನು. ಇಬ್ಬರೂ ಒಮ್ಮೆಯೂ ಮುಖ ನೋಡಿರಲಿಲ್ಲ.

ಭರತೇಶನಿಗೆ ಮೂವತ್ತೊಂದು ತುಂಬಿದಾಗ ಕಾಲು ಬಾತವು. ಎರಡೂ ಕಿಡ್ನಿ ಕೈಬಿಟ್ಟಿವೆ ಎಂದರು ಡಾಕ್ಟರು. ಮದುವೆ ಗೊತ್ತಾಗಿತ್ತು. ಸುದ್ದಿ ಮುಟ್ಟಿದ ಮೇಲೆ ಹುಡುಗಿಯ ಮನೆಯವರು ಬರುವುದನ್ನು ಬಿಟ್ಟರು. "ಅವ್ರದೇನ ತಪ್ಪಿಲ್ಲ ಬಿಡ್ರಿ" ಎಂದು ಅವನು ಮಾತು ಮುಗಿಸಿದ. ಅತ್ತೆಗೆ ಸಕ್ಕರೆ ಕಾಯಿಲೆ, ನಮ್ಮವರ, ಅಂದರೆ ಅವನ ಅಣ್ಣನ, ಕಿಡ್ನಿ ಹೊಂದಲಿಲ್ಲ, ನನ್ನದೂ ಹೊಂದಲಿಲ್ಲ. ವಾರಕ್ಕೆ ಎರಡು ಸಲ ಚಿಕ್ಕೋಡಿಗೆ ಹೋಗಿ ನಾಲ್ಕು ತಾಸು ಮಷಿನ್ನಿಗೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕಾಯಿತು. ನಮ್ಮವರಿಗೆ ನೌಕರಿ ಬಿಟ್ಟು ಬರಲಾಗದು. ನಾನೇ ಜೊತೆಗೆ ಹೋಗುತ್ತಿದ್ದೆ.

ಆ ದಿನಗಳಲ್ಲಿ ನಾನು ಸಣ್ಣ ಸಣ್ಣ ಪುಣ್ಯ ಎಣಿಸುವುದನ್ನು ಕಲಿತೆ. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಸೀಟು ಸಿಕ್ಕರೆ ಒಂದು. ನರ್ಸಮ್ಮ ಒಂದೇ ಚುಚ್ಚಿಗೆ ನರ ಹಿಡಿದರೆ ಇನ್ನೊಂದು. ಸೂಜಿ ಎಡಗೈಗೆ ಹಾಕುತ್ತಿದ್ದರು, ಬಲಗೈ ಆಟಕ್ಕೆ ಉಳಿಯುತ್ತಿತ್ತು. ಅದನ್ನೂ ಎಣಿಸಿದೆ.

"ಬ್ಯಾರೆ ಆಟ ಎಲ್ಲಾ ಅವಸರ ಮಾಡ್ತಾವ್ರಿ ವೈನಿ. ಇದು ಕಾಯತೈತಿ" ಎನ್ನುತ್ತಿದ್ದ ಹಾಸಿಗೆಯ ಮೇಲೆ. "ನಾ ಎಲಿ ಒಗೆಯೂ ತನಕ ರಾಕ್ಷಸ ಸುಮ್ನ ನಿಂತಿರ್ತಾನ. ನಡುವ ವಾಂತಿ ಮಾಡಿ ಬಂದ್ರೂ ನಿಂತಿರ್ತಾನ."

ಒಂದು ದಿನ ಆಟದಲ್ಲಿ ಒಂದು ಪೆಟ್ಟಿಗೆ ತೆರೆದಿತ್ತು. ಅಷ್ಟರಲ್ಲಿ ಅವನ ಬಿ.ಪಿ. ಇಳಿದು ಕಣ್ಣು ಮುಚ್ಚಿದ. ನರ್ಸಮ್ಮ ಕಾಲ ಕೆಳಗೆ ದಿಂಬು ಇಟ್ಟು, "ಮಲಗ್ಲಿ ಬಿಡ್ರಿ" ಎಂದರು. ಫೋನು ನನ್ನ ಕೈಯಲ್ಲಿತ್ತು. ಪೆಟ್ಟಿಗೆಯಲ್ಲಿ ಒಂಬತ್ತು ಎಲೆ ಹೊಳೆಯುತ್ತಿದ್ದವು, ಬೇಕಾದಷ್ಟು ತೆಗೆದುಕೋ ಎಂದು ಬರೆದಿತ್ತು. ನಮ್ಮ ಮನೆಯಲ್ಲಿ ತಾಟಿಗೆ ಬಿದ್ದ ಅಗುಳನ್ನು ಬಿಡುವ ರೂಢಿಯಿಲ್ಲ. ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುತ್ತೇವೆ. ಕೊಟ್ಟದ್ದನ್ನು ಬಿಡಲು ನನಗೆ ಬರಲಿಲ್ಲ. ಒಂಬತ್ತನ್ನೂ ಒತ್ತಿದೆ.

ಎದ್ದವನು ನೋಡಿದ. "ಒಂಬತ್ತೂ ತಗೊಂಡ್ರ್ಯಾ?"

"ಕೊಡಾಕತ್ತಿತ್ತಪ್ಪಾ. ಬಿಡಾಕ ಮನಸಾಗ್ಲಿಲ್ಲ."

ಅವನು ನಕ್ಕ ರಭಸಕ್ಕೆ ಕೈ ಅಲುಗಿ ಮಷಿನ್ನು ಕೂಗಿಕೊಂಡಿತು. ನರ್ಸಮ್ಮ ಓಡಿ ಬಂದು ನನ್ನನ್ನೂ ಸೇರಿಸಿ ಬೈದರು. ಮುಂದಿನ ಖೋಲಿಯಲ್ಲೇ ಅವನು ಸೋತ. ಬೇಕಾಗಿದ್ದ ಢಾಲು ನನ್ನ ಒಂಬತ್ತು ಎಲೆಗಳ ಕೆಳಗೆ ಎಲ್ಲೋ ಉಳಿದಿತ್ತು. ಹನ್ನೆರಡು ದಿನ ಕಟ್ಟಿದ ಆಟ.

"ಸಿಟ್ಟ ಬಂತೇನೋ?" ಎಂದೆ ಬಸ್ಸಿನಲ್ಲಿ.

"ಇಲ್ರಿ. ಎಲಿ ಹೆಚ್ಚಾದಷ್ಟು ಬೇಕಾದ್ದ ಕೈಗಿ ಬರೂದಿಲ್ಲ. ಬ್ಯಾಡ ಅನ್ನಾಕ ಗೊತ್ತಿದ್ದಾಂವ ಗೆಲ್ತಾನ." ಸ್ವಲ್ಪ ಹೊತ್ತಿಗೆ ಗುಂಪಿನಲ್ಲಿ ಬರೆದ: "ರಾಯಬಾಗದವರ ಪದ್ಧತಿಯನ್ನು ನಮ್ಮ ವೈನಿಯವರು ಇಂದು ಪ್ರಯೋಗ ಮಾಡಿ ನೋಡಿದರು. ಒಂದೇ ಖೋಲಿಯಲ್ಲಿ ಕಥೆ ಮುಗಿಯಿತು."

ಅವನ ಬದುಕಿನಿಂದಲೂ ಒಂದೊಂದೇ ಕಡಿಮೆಯಾಗುತ್ತಿತ್ತು. ಗಡ್ಡೆಗಳನ್ನು ನಾವು ಮೊದಲೇ ತಿನ್ನುವುದಿಲ್ಲ. ಈಗ ಬಾಳೆಹಣ್ಣು ಹೋಯಿತು, ಎಳನೀರು ಹೋಯಿತು, ಉಪ್ಪು ಹೋಯಿತು. ನೀರು ದಿನಕ್ಕೆ ಇಷ್ಟೇ ಎಂದು ಒಂದು ಸ್ಟೀಲಿನ ತಂಬಿಗೆಯಲ್ಲಿ ಅಳೆದಿಡುತ್ತಿದ್ದೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ. ಬೇಸಿಗೆಯ ಸಂಜೆ ಕಟ್ಟೆಯ ಮೇಲೆ ಕೂತು ಸೂರ್ಯನನ್ನೂ ತಂಬಿಗೆಯ ತಳವನ್ನೂ ಸರದಿಯಂತೆ ನೋಡುತ್ತಿದ್ದ. ಉಪ್ಪಿಲ್ಲದ ಸಾರಿಗೆ, "ಮೂರೂವರಿ. ನಿಮ್ಮ ತಪ್ಪಲ್ಲ" ಎನ್ನುತ್ತಿದ್ದ. ಚಾತುರ್ಮಾಸಕ್ಕೆ ಊರಿಗೆ ಬಂದ ಮುನಿ ಮಹಾರಾಜರ ಮುಂದೆ ಎಲ್ಲರೂ ಏನಾದರೂ ತ್ಯಾಗದ ನಿಯಮ ತೆಗೆದುಕೊಳ್ಳುತ್ತಿದ್ದೆವು. ನಾನು ಬೆಲ್ಲ ಬಿಟ್ಟೆ. ಅವನ ಸರದಿ ಬಂದಾಗ, "ಬಿಡಾಕ ನನ್ನ ಕಡೆ ಏನೂ ಉಳದಿಲ್ರಿ ಮಹಾರಾಜ" ಎಂದ. ಮುನಿಗಳು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಆ ಮಳೆಗಾಲದಲ್ಲೇ ಎಡಗೈಯ ನರ ಮುಚ್ಚಿಹೋಯಿತು. ಬಲಗೈಯ ನರಕ್ಕೆ ಆಪರೇಶನ್ ಮಾಡಿದರು, ಅದೂ ಮುಚ್ಚಿತು. ಕುತ್ತಿಗೆಗೆ ನಳಿಕೆ ಹಾಕಿದರು. ಅದಕ್ಕೆ ನಂಜೇರಿ ಚಳಿಜ್ವರ ಬಂತು. ಒಂದು ಮಧ್ಯಾಹ್ನ ಅವನು ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ, ಇನ್ನು ಚಿಕ್ಕೋಡಿಗೆ ಬರುವುದಿಲ್ಲ ಎಂದ.

ನಮ್ಮವರು ಗೋಡೆಯ ಕಡೆ ಮುಖ ಮಾಡಿದರು. ಅತ್ತೆ ಮೆಲ್ಲಗೆ, "ಸಲ್ಲೇಖನ ತಗೋತೀಯೇನೋ ಮಗಾ? ಮಹಾರಾಜರನ್ನ ಕೇಳೂಣು?" ಎಂದರು.

"ಅಷ್ಟ ದೊಡ್ಡ ಮಾತ ಬ್ಯಾಡವ್ವಾ. ಅದು ವೈರಾಗ್ಯ ಬಂದವರದು. ನಂದು ಬರೇ ಸಾಕಾಗೇತಿ."

ಇದ್ದಷ್ಟೇ ಹೇಳಿದ್ದ. ಆದರೆ ನನಗೆ ಕೇಳಿಸಿಕೊಳ್ಳಲು ಆಗಲಿಲ್ಲ. "ದೀಪಾವಳಿ ತನಕ ಬಾ" ಎಂದೆ. "ಮಹಾವೀರರ ನಿರ್ವಾಣದ ಲಾಡು ಏರಿಸೂಣು, ಆಮ್ಯಾಲ ನಿನ್ನ ಮಾತ."

ಅವನು ನನ್ನನ್ನೇ ನೋಡಿದ. "ಇನ್ನೊಂದ ಎಲಿ ಸೇರಸಾಕತ್ತೀರಿ ವೈನಿ."

"ಹೌದು, ಸೇರಸಾಕತ್ತೀನಿ. ಬಿಡಾಕ ನನಗ ಬರೂದಿಲ್ಲ."

"ಆತು" ಎಂದ.

ಎರಡೂವರೆ ತಿಂಗಳು. ನಳಿಕೆ ಎರಡು ಸಲ ಬದಲಾಯಿತು. ಮೈಯೆಲ್ಲ ತುರಿಕೆ, ತುರಿಸಿಕೊಂಡು ರಕ್ತ ಬರಬಾರದೆಂದು ಕೈಗೆ ಹಳೆಯ ಕಾಲುಚೀಲ ಹಾಕಿ ಕಟ್ಟುತ್ತಿದ್ದೆ. ಫೋನು ಹಿಡಿಯಲಾಗುತ್ತಿರಲಿಲ್ಲ. ಅವನು ಹೇಳಿದ ಎಲೆಯನ್ನು ನಾನು ಒತ್ತುತ್ತಿದ್ದೆ, ಆಮೇಲೆ ಹೇಳುವುದನ್ನೂ ಬಿಟ್ಟ. ಮಷಿನ್ನಿನ ಪಕ್ಕದಲ್ಲಿ ಚಳಿಗೆ ಹಲ್ಲು ಕಟಕಟಿಸುವಾಗ ನಾನು ಣಮೋಕಾರ ಮಂತ್ರ ಹೇಳುತ್ತ ಪುಣ್ಯ ಹುಡುಕುತ್ತಿದ್ದೆ. ಒಂದು ದಿನ ಹುಡುಕಿ ಹುಡುಕಿ, ಹೊದಿಕೆ ಒಗೆದದ್ದು ಸಿಕ್ಕಿತು ಎಂಬುದೊಂದನ್ನೇ ಎಣಿಸಿ ಮನೆಗೆ ಬಂದೆ. ಅವನು ಒಂದು ಸಲವೂ, "ನಿಮ್ಮಿಂದ ಆತು" ಎನ್ನಲಿಲ್ಲ. ಅಂದಿದ್ದರೆ ನನ್ನ ಎದೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ದೀಪಾವಳಿಯ ಬೆಳಗ್ಗೆ ನಮ್ಮವರು ಅವನನ್ನು ಎತ್ತಿಕೊಂಡು ಬಸದಿಗೆ ಹೋದರು. ಲಾಡು ಏರಿಸಿದ. ಮನೆಗೆ ಬಂದು, "ಇನ್ನ ಮುಗೀತಲ್ರಿ?" ಎಂದು ನನ್ನನ್ನು ಕೇಳಿದ. ಮುಗಿಯಿತು ಎಂದೆ.

ಅದಾದ ಮೇಲೆ ಹನ್ನೊಂದು ದಿನ ಇದ್ದ. ಕುತ್ತಿಗೆಯಿಂದ ನಳಿಕೆ ತೆಗೆಸಿದ್ದೆವು. ಬಹಳ ನಿದ್ದೆ ಮಾಡುತ್ತಿದ್ದ. ಹತ್ತನೆಯ ದಿನ, ಹೊತ್ತು ಇಳಿಯುವ ಮೊದಲು, ಅಕ್ಕಿ ಗಂಜಿಗೆ ಒಂದು ಹರಳು ಉಪ್ಪು ಹಾಕಿ ಕೊಟ್ಟೆ. ಇನ್ನು ಯಾರು ಬೇಡವೆನ್ನುವವರು. ಒಂದು ಚಮಚ ನುಂಗಿದ. ಕಣ್ಣು ಸಣ್ಣ ಮಾಡಿ ಜಂತಿ ನೋಡಿದ.

"ಎಷ್ಟೋ?" ಎಂದೆ.

"ನಾಕು" ಎಂದ.

ಮರುದಿನ ಬೆಳಗ್ಗೆ ಅತ್ತೆ ಮಂತ್ರ ಹೇಳುತ್ತಿದ್ದಾಗ ಉಸಿರು ನಿಂತಿತು. ನಾನು ಆಗ ಅವನ ಪಾದ ಒರೆಸುತ್ತಿದ್ದೆ. ಪಾದದ ಬಾವು ಇಳಿದಿರಲಿಲ್ಲ.

ತಿಂಗಳಾದ ಮೇಲೆ ಅವನ ಫೋನಿಗೆ ಕರೆಂಟು ಹಚ್ಚಿದೆ. ಗುಂಪಿನಲ್ಲಿ ರಾಯಬಾಗದ ದರ್ಜಿಯ ಮಾತುಗಳು ಸಾಲಾಗಿ ನಿಂತಿದ್ದವು. ಹೊಸ ಆಟವೊಂದು ಬಂದಿದೆ, ಹೀಗಿದೆ, ಹಾಗಿದೆ. ಕೊನೆಯದು: "ಭರತೇಶಣ್ಣಾ, ಎಲ್ಲಿ ಹೋಗೀರಿ? ನೀವು ಎಷ್ಟ ಸ್ಟಾರ್ ಕೊಡ್ತೀರಿ ಹೇಳ್ರಿ, ಆಮ್ಯಾಲ ಜಗಳಾ ಮಾಡೂಣು."

ಕಾಗುಣಿತ ನೋಡಿಕೊಂಡು ನಿಧಾನವಾಗಿ ಬರೆದೆ. ನಾನು ಅವರ ವೈನಿ, ಅವರು ತೀರಿಕೊಂಡರು. ಆಮೇಲೆ, "ಒಂಬತ್ತ ಎಲಿ ತಗೊಂಡ ವೈನಿ ಏನ್ರಿ?" ಎಂದು ಬಂತು. ಹೌದು ಎಂದೆ.

ಆಟವನ್ನೂ ತೆರೆದೆ. ಅದು ಕಾಯುತ್ತಿತ್ತು. ಕೊನೆಯ ಸಲ ನನ್ನ ಕೈಯಿಂದ ಒತ್ತಿಸಿ ಒಂದು ಖೋಲಿಯ ರಾಕ್ಷಸನನ್ನು ಅವನು ಗೆದ್ದಾಗಿತ್ತು, ಮುಂದೆ ಮೂರು ಎಲೆ ನಿಂತಿದ್ದವು. ಒಂದು ಬೆಂಕಿ, ಒಂದು ಮದ್ದಿನ ಕುಡಿಕೆ, ಒಂದು ಢಾಲು. ಕುಡಿಕೆಯ ಮೇಲೆ ಬೆರಳು ಹೋಯಿತು. ಅಲ್ಲಿಯೇ ಸ್ವಲ್ಪ ಹೊತ್ತು ಹಿಡಿದೆ. ಆಮೇಲೆ ಮೂರನ್ನೂ ಬಿಟ್ಟು, ಕೆಳಗಿದ್ದ ಸ್ಕಿಪ್ ಒತ್ತಿದೆ.

ಹೊಸಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಿ, "ಏನ ಮಾಡಾಕತ್ತೀಯೇ ತ್ರಿಶಲಾ?" ಎಂದರು.

"ಏನಿಲ್ರಿ ಅತ್ತಿ" ಎಂದು ಫೋನು ಮುಚ್ಚಿ, ಮೊರದ ಹತ್ತಿರ ಹೋಗಿ ಅವರ ಜೊತೆ ಅಕ್ಕಿ ಆರಿಸಲು ಕೂತೆ. ಹೊತ್ತು ಮುಳುಗುವುದರೊಳಗೆ ಅಡುಗೆ ಆಗಬೇಕಿತ್ತು.